ಬೆಳೆಹಬ್ಬದ ಕೆಲಸ ಹಂಚಿಕೊಂಡ ಬಗೆ

ಮಂಗಳೂರಿನ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಬೆಳೆಹಬ್ಬ ಬಂತೆಂದರೆ ಕೈತುಂಬ ಕೆಲಸ. ಆರಾಧನೆ, ವಿಶೇಷ ಹಾಡು, ಕಾಣಿಕೆಯಾಗಿ ಬಂದ ಬಾಳೆಗೊನೆ, ಕುಂಬಳಕಾಯಿ, ಉಪ್ಪಿನಕಾಯಿಗಳ ಏಲಂ, ಆಮೇಲೆ ಊಟ. ಕೆಲವು ವರ್ಷ ಇದರ ಉಸ್ತುವಾರಿ ನನ್ನ ಮೇಲಿತ್ತು. ಭಕ್ತಿಗೆ ಯಾರಲ್ಲೂ ಕೊರತೆ ಇರಲಿಲ್ಲ. ಮನಸ್ತಾಪ ಬರುತ್ತಿದ್ದುದು ಕೆಲಸ ಮಾಡುವ ರೀತಿಯಲ್ಲಿ.

ಒಬ್ಬರಿಗೆ ಎಲ್ಲವೂ ಈಗಲೇ ಆಗಬೇಕು. ಇನ್ನೊಬ್ಬರಿಗೆ ಪ್ರತಿ ರೂಪಾಯಿಗೂ ಚೀಟಿ ಬೇಕು. ಮೀಟಿಂಗ್ ಕರೆದರೆ ಜೋರು ದನಿಯವರ ಮಾತೇ ನಡೆಯುತ್ತಿತ್ತು. ಮಾತು ಕಡಿಮೆ ಇರುವವರು ಸುಮ್ನೆ ತಲೆಯಾಡಿಸಿ ಎದ್ದು ಹೋಗುತ್ತಿದ್ದರು. ಅದಕ್ಕೇ ನಾನು ಮೀಟಿಂಗ್‌ಗೆ ಮೊದಲೇ ಒಬ್ಬೊಬ್ಬರ ಮನೆಗೂ ಹೋಗಿ ಬರತೊಡಗಿದೆ. "ಏನು ಮಾಡ್ತೀರಿ?" ಎಂದರೆ ಸಂಕೋಚಕ್ಕೆ ಯಾವುದಕ್ಕಾದರೂ ಹೂಂ ಅನ್ನುತ್ತಾರೆ. "ಯಾವ ಕೆಲಸ ಮಾಡಿದ್ರೆ ನಿಮಗೆ ದಣಿವೇ ಗೊತ್ತಾಗುದಿಲ್ಲ?" ಎಂದು ಕೇಳಿದೆ. ಉತ್ತರಗಳೇ ಬೇರೆ ಬಂದವು.

ಮರಗೆಲಸ ಮಾಡುವ ಒಬ್ಬ ಅಣ್ಣ ಹೇಳಿದರು: "ನನಗೆ ಹಾಡ್ಲಿಕ್ಕೆ ಬರುದಿಲ್ಲ, ನಾಲ್ಕು ಜನರ ಎದುರು ಪ್ರಾರ್ಥನೆಯೂ ಬರುದಿಲ್ಲ. ನನ್ನಿಂದ ದೇವರ ಸೇವೆ ಏನಾಗ್ತದೆ?" ಆಗ ನಮ್ಮ ಊರಿನದೇ ಮಾತು ತೆಗೆದೆ. 1834ರಲ್ಲಿ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ ಇಲ್ಲಿಗೆ ಬಂತು. ಅದರ ಮಿಷನರಿ ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಶುರು ಮಾಡಿದರು. ಕಿಟ್ಟೆಲರ ನಿಘಂಟು 1894ರಲ್ಲಿ ಬಂತು. ಅದೇ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಪುಸ್ತಕ ಬರೆದದ್ದು ಮಾತ್ರ ಸೇವೆ, ಹಂಚು ಸುಟ್ಟದ್ದು ಸೇವೆ ಅಲ್ಲ ಅನ್ನಲಿಕ್ಕಾಗುತ್ತದಾ? ಏಲಂನ ವೇದಿಕೆ, ಚಪ್ಪರ, ಬೆಂಚು ಎಲ್ಲ ಆ ಅಣ್ಣನೇ ವಹಿಸಿಕೊಂಡರು. ಅದರಲ್ಲಿ ಅವರ ಮಾತೇ ಕೊನೆ ಎಂದು ಮೀಟಿಂಗ್‌ನಲ್ಲಿ ಎಲ್ಲರೆದುರು ಹೇಳಿದೆ. ಕೆಲಸ ಕೊಟ್ಟು ತೀರ್ಮಾನ ನಾವೇ ಇಟ್ಟುಕೊಂಡರೆ ಯಾರಿಗೂ ಮನಸ್ಸು ಬರುವುದಿಲ್ಲ.

ಜೋರು ದನಿಯ ಅಂಕಲ್‌ಗೆ ಏಲಂ ಒಪ್ಪಿಸಿದೆವು. ಒಂದೇ ತೆಂಗಿನಕಾಯಿಯನ್ನು ಒಬ್ಬರು ಕೊಂಡು ವಾಪಸ್ ಕೊಡುವುದು, ಅದನ್ನೇ ಮತ್ತೆ ಕೂಗುವುದು, ಈ ಸಂಭ್ರಮ ಅವರಿಂದಲೇ ಸಾಧ್ಯ. ಚೀಟಿ ಕೇಳುವ ಅಕ್ಕನನ್ನು ಅವರ ಪಕ್ಕದಲ್ಲೇ ಕೂರಿಸಿದೆವು. ಹಣ ಎಣಿಸುವಾಗ ಯಾವಾಗಲೂ ಇಬ್ಬರು, ಲೆಕ್ಕ ಅಂದೇ ಬೋರ್ಡಿಗೆ.

ಆದರೂ ಅಡುಗೆಯ ವಿಷಯದಲ್ಲಿ ಇಬ್ಬರು ಮಾತು ಬಿಟ್ಟರು. ಬೈಬಲಿನಲ್ಲಿ ಫಿಲಿಪ್ಪಿ ಊರಿನ ಸಭೆಯ ಮನಸ್ತಾಪದ ಇಬ್ಬರು ಹೆಂಗಸರ ವಿಷಯ ಅಪೊಸ್ತಲ ಪೌಲ ಬರೆದಿದ್ದಾನಲ್ಲ, ಅದು ನನಗೆ ದಾರಿ ತೋರಿಸಿತು. ಯಾರದು ಸರಿ ಎಂದು ಪೌಲ ಹೇಳುವುದೇ ಇಲ್ಲ. ಒಂದೇ ಮನಸ್ಸಿನಿಂದಿರಿ ಎಂದು ಇಬ್ಬರನ್ನೂ ಬೇಡುತ್ತಾನೆ, ಅವರಿಗೆ ನೆರವಾಗು ಎಂದು ಮೂರನೆಯವನಿಗೆ ಹೇಳುತ್ತಾನೆ, ಇಬ್ಬರೂ ತನ್ನ ಜೊತೆ ಸುವಾರ್ತೆಗಾಗಿ ದುಡಿದವರೆಂದು ನೆನಪಿಸುತ್ತಾನೆ. ನಾವೂ ಇಬ್ಬರೂ ಗೌರವಿಸುವ ಒಬ್ಬ ಹಿರಿಯಮ್ಮನನ್ನು ಕಳುಹಿಸಿದೆವು. ಅವರು ತೀರ್ಪು ಕೊಡಲಿಲ್ಲ. ಇಬ್ಬರ ಜೊತೆಗೂ ಕೂತು ತರಕಾರಿ ಹೆಚ್ಚಿದರು. ಪೂರ್ತಿ ಸರಿಹೋಗಲು ಸಮಯ ಹಿಡಿಯಿತು, ಆದರೆ ಊಟ ಇಬ್ಬರೂ ಸೇರಿಯೇ ಬಡಿಸಿದರು.

ಹಾಸಿಗೆ ಹಿಡಿದಿದ್ದ ಅಜ್ಜಿಯೊಬ್ಬರಿಗೆ ಕೆಲಸಗಾರರೆಲ್ಲರ ಹೆಸರಿನ ಪಟ್ಟಿ ಕೊಡುತ್ತಿದ್ದೆವು. ದಿನಾ ಹೆಸರು ಹಿಡಿದು ಪ್ರಾರ್ಥಿಸುತ್ತಿದ್ದರು. ದೇಹದಲ್ಲಿ ಬಲಹೀನವಾಗಿ ಕಾಣುವ ಅಂಗಗಳೇ ಬೇಕೇ ಬೇಕು ಎಂದು ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ 12ನೇ ಅಧ್ಯಾಯದಲ್ಲಿದೆ. ನನಗಂತೂ ಆ ಮಾತು ಅಜ್ಜಿಯ ಮಂಚದ ಪಕ್ಕ ನಿಂತಾಗಲೇ ಅರ್ಥವಾದದ್ದು.

ಹಾಡಿನ ವಿಷಯ ಮಾತ್ರ ಇನ್ನೂ ನಡೆದಿದೆ. ಹಿರಿಯರಿಗೆ ಗೀತಪುಸ್ತಕದ ಹಳೆ ರಾಗ ಬೇಕು, ಯೌವನಸ್ಥರಿಗೆ ಗಿಟಾರ್, ಡ್ರಮ್ಸ್. ಸದ್ಯಕ್ಕೆ ಆರಾಧನೆಯಲ್ಲಿ ಆರ್ಗನ್, ಏಲಂ ಹೊತ್ತಿಗೆ ಡ್ರಮ್ಸ್ ಎಂದು ಒಪ್ಪಿದ್ದೇವೆ. ಹಳೆಯ ಗೀತೆಯೊಂದನ್ನು ಯೌವನಸ್ಥರಿಗೆ ಕಲಿಸುತ್ತೇವೆ ಎಂದು ಕ್ವಾಯರ್‌ನ ಹಿರಿಯರೇ ಮುಂದೆ ಬಂದಿದ್ದಾರೆ. ಶನಿವಾರ ಸಂಜೆ ಅಭ್ಯಾಸ.