ಸಾರಿನ ಪುಡಿ ಲೂಡೋ ಆಟದೊಳಗೆ ಹೋದದ್ದು

ಸಣ್ಣ ಕಂಪನಿಗಳ ಜಾಹೀರಾತು ಎಲ್ಲಿ, ಯಾವಾಗ ಬರಬೇಕು ಅಂತ ಪ್ಲಾನ್ ಮಾಡಿಕೊಡುವುದು ನನ್ನ ಕೆಲಸ. ಮೊದಲೆಲ್ಲ ಹೆಚ್ಚಿನ ದುಡ್ಡು ಟಿವಿಗೇ ಹೋಗುತ್ತಿತ್ತು. ಸಂಜೆ ಧಾರಾವಾಹಿಗಳ ನಡುವೆ ಹತ್ತು ಸೆಕೆಂಡಿಗೆ ಇಷ್ಟು ಅಂತ ಜಾಗ ಕೊಳ್ಳುತ್ತಿದ್ದೆವು. ಎಷ್ಟು ಜನ ನೋಡಿದರು ಅನ್ನುವುದು ಮೀಟರ್ ಕೂರಿಸಿದ ಕೆಲವು ಮನೆಗಳಿಂದ ಬಾರ್ಕ್ ಅನ್ನುವ ಟಿವಿ ವೀಕ್ಷಕರ ಲೆಕ್ಕದ ಸಂಸ್ಥೆ ತೆಗೆಯುವ ಅಂದಾಜು. ಬ್ರೇಕ್ ಬಂದಾಗ ಮನೆಯವರೆಲ್ಲ ಮೊಬೈಲ್ ಕೈಗೆತ್ತಿಕೊಂಡರೆ ಅದು ಆ ಲೆಕ್ಕದಲ್ಲಿ ಕಾಣುವುದಿಲ್ಲ.

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಲೂಡೋ ಕಿಂಗ್ ಅನ್ನುವ ಮೊಬೈಲ್ ಆಟ ಬಂದದ್ದೂ ಅದೇ ವರ್ಷ. 2020ರ ಲಾಕ್‌ಡೌನಿನಲ್ಲಿ ಅತ್ತೆ, ಸೊಸೆ, ಊರಲ್ಲಿದ್ದ ಅಣ್ಣ ಎಲ್ಲರೂ ಅದನ್ನೇ ಆಡಿದರು. ಸಾರಿನ ಪುಡಿ ಮಾಡುವ ಒಬ್ಬ ಗಿರಾಕಿಗೆ ಆಟಗಳಲ್ಲಿ ಜಾಹೀರಾತು ಹಾಕೋಣ ಅಂದಾಗ, "ಆಡೋರು ಹುಡುಗರು, ಪುಡಿ ಕೊಳ್ಳೋರು ಅವರಮ್ಮಂದಿರು ಅಲ್ವಾ ಸರ್?" ಅಂದರು. ಅಮ್ಮಂದಿರೂ ಆಡುತ್ತಾರೆ ಅಂತ ಅವರ ಆಫೀಸಿನ ಹೆಂಗಸರನ್ನೇ ಕೇಳಿಸಿದೆ.

ನಾನು ಆರಿಸಿದ್ದು ರಿವಾರ್ಡೆಡ್ ವಿಡಿಯೋ. ಆಟದ ಕಾಯಿನ್ ಮುಗಿದವರು ತಾವೇ ಗುಂಡಿ ಒತ್ತಿ ಜಾಹೀರಾತು ನೋಡಿ ಮತ್ತೆ ಕಾಯಿನ್ ಪಡೆಯುತ್ತಾರೆ. ಆಟದ ಮಧ್ಯೆ ದಿಢೀರನೆ ಪರದೆ ತುಂಬುವ ಜಾಹೀರಾತು ನನಗೆ ಬೇಡ. ಅದಕ್ಕೆ ಕ್ಲಿಕ್ ಜಾಸ್ತಿ ಬರುತ್ತದೆ, ನಿಜ. ಅದರಲ್ಲಿ ಎಷ್ಟೋ ಕ್ಲಿಕ್ ಮುಚ್ಚುವ ಗುರುತು ಸಿಗದೆ ತಪ್ಪಿ ಬಿದ್ದ ಬೆರಳಿನದು. ಹಾಗಾಗಿ ಕ್ಲಿಕ್ ಬಿಟ್ಟೆ, ವಿಡಿಯೋ ಪೂರ್ತಿ ಓಡಿದರೆ ಮಾತ್ರ ದುಡ್ಡು ಅನ್ನುವ ಲೆಕ್ಕದಲ್ಲಿ ಕೊಂಡೆ.

ಪೂರ್ತಿ ಓಡಿತು ಅಂದರೆ ನೋಡಿದರು ಅಂತಲ್ಲ. ಫೋನ್ ಕೆಳಗಿಟ್ಟು ಒಗ್ಗರಣೆ ಹಾಕಿ ಬರುವವರಿದ್ದಾರೆ. ಎಷ್ಟೋ ಜನ ಸೌಂಡ್ ಆಫ್ ಮಾಡಿಯೇ ಆಡುತ್ತಾರೆ. ಟಿವಿಯ ಜಿಂಗಲ್ ಇಲ್ಲಿ ದಂಡ. ಮೊದಲ ಮೂರು ಸೆಕೆಂಡಿನಲ್ಲೇ ಪ್ಯಾಕೆಟ್ ಮತ್ತು ದಪ್ಪ ಅಕ್ಷರದಲ್ಲಿ ಹೆಸರು ಬರುವಂತೆ ವಿಡಿಯೋವನ್ನು ನೆಟ್ಟಗೆ ಹಿಡಿದ ಫೋನಿನ ಪರದೆಗೆ ಹೊಂದುವ ಹಾಗೆ ಮತ್ತೆ ಕತ್ತರಿಸಿದೆವು.

ಭಾಷೆಯ ವಿಷಯ ಬೇರೆ ಇದೆ. ನಮ್ಮವರ ಫೋನ್ ಸೆಟ್ಟಿಂಗ್ ಬಹುಪಾಲು ಇಂಗ್ಲಿಷಿನಲ್ಲೇ ಇರುತ್ತದೆ. 'ಕನ್ನಡ' ಅಂತ ಟಾರ್ಗೆಟ್ ಮಾಡಿದರೆ ಅವರೆಲ್ಲ ತಪ್ಪಿಹೋಗುತ್ತಾರೆ. ಅದಕ್ಕೇ ಊರು ನೋಡಿ ಆರಿಸಿ, ಜಾಹೀರಾತು ಮಾತ್ರ ಕನ್ನಡದಲ್ಲೇ ಇಟ್ಟೆ. ಮಕ್ಕಳ ಆಟಗಳನ್ನು ತೆಗೆಸಿದೆ. ದುಡ್ಡು ಕಟ್ಟಿ ಆಡುವ ಆಟಗಳನ್ನೂ ಮುಟ್ಟಲಿಲ್ಲ. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು ಅವಕ್ಕೆ ನಿಷೇಧವೇ ಬಿತ್ತು.

ಫಲ ತಿಳಿಯಲು ಹಾಸನದ ಕಡೆ ಮಾತ್ರ ಓಡಿಸಿ, ದಾವಣಗೆರೆಯನ್ನು ಸುಮ್ನೆ ಬಿಟ್ಟು, ಡಿಸ್ಟ್ರಿಬ್ಯೂಟರ್ ಆರ್ಡರ್ ಹೋಲಿಸಿದೆವು. ಹಾಸನದ್ದು ಏರಿತು. ಫೋನ್ ಇರುವ ಜಾಗ ಜಿಲ್ಲೆಯ ಮಟ್ಟಿಗೆ ಪಕ್ಕಾ ಸಿಗುವುದಿಲ್ಲ, ಆದ್ದರಿಂದ ಆ ಏರಿಕೆಯನ್ನು ಸ್ವಲ್ಪ ತಗ್ಗಿಸಿಯೇ ಹೇಳಿದೆ.

ಟಿವಿ ಪೂರ್ತಿ ಬಿಟ್ಟಿಲ್ಲ. ಹೊಸ ಪ್ಯಾಕೆಟ್ ತೋರಿಸಿದರೆ ಅಂಗಡಿಯವರು ಇವತ್ತಿಗೂ "ಟಿವೀಲಿ ಬರ್ತಿದ್ಯಾ?" ಅಂತಾರೆ. ಲೂಡೋದಲ್ಲಿ ಬರ್ತಿದೆ ಅಂದ್ರೆ ಸರಕು ಇಡಲ್ಲ. ಹಾಗಾಗಿ ಹಬ್ಬದ ತಿಂಗಳಿನ ಟಿವಿ ದುಡ್ಡು ಪುಡಿ ಕೊಳ್ಳುವವರಿಗಿಂತ ಹೆಚ್ಚಾಗಿ ಅಂಗಡಿಯವರಿಗಾಗಿ.