ಲಾರಿ ಪಾಟಾದಿಂದ ಅಡುಗೆಮನೆ ಚಾಕು: ಗುಜರಿಯಿಂದ ಸಾಣೆಯವರೆಗೆ

ಚಿತ್ರದುರ್ಗದಿಂದ ಹರಿಹರದವರೆಗೆ ಹೆದ್ದಾರಿ 48ರ ಬದಿಯಲ್ಲಿ ಲಾರಿ ಗ್ಯಾರೇಜಿಗೂ ಬರವಿಲ್ಲ, ಮುರಿದ ಪಾಟಾಕ್ಕೂ ಬರವಿಲ್ಲ. ಲೀಫ್ ಸ್ಪ್ರಿಂಗಿನ ಈ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಶೇ. 0.5ರಿಂದ 0.65ರಷ್ಟು ಇಂಗಾಲ, ಜೊತೆಗೆ ಸಿಲಿಕಾನ್, ಮ್ಯಾಂಗನೀಸ್ ಅಥವಾ ಕ್ರೋಮಿಯಂ ಇರುತ್ತದೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಸಾಕು, ಗಡಸಾಗುತ್ತದೆ. ಸಣ್ಣಪುಟ್ಟ ತಪ್ಪನ್ನೂ ಸಹಿಸುತ್ತದೆ. ಮೊದಲ ಚಾಕುವಿಗೆ ಇದೇ ಸರಿ.

ಗುಜರಿಯಲ್ಲಿ ಸಿಗುವ ಉಳಿದ ಮಾಲಿನಲ್ಲಿ ಬಿಡಬೇಕಾದ್ದೇ ಹೆಚ್ಚು. ಟಿಎಂಟಿ ಕಂಬಿಯಲ್ಲಿ ಇಂಗಾಲ ತೀರಾ ಕಡಿಮೆ, ಎಷ್ಟು ಕಾಯಿಸಿ ಅದ್ದಿದರೂ ಬಾಯಿ, ಅಂದರೆ ಅಲಗಿನ ಹರಿತದ ಅಂಚು, ನಿಲ್ಲುವುದಿಲ್ಲ. ಹಳೇ ಅರಗಳು (ಫೈಲ್) ಒಳ್ಳೆಯವೇ, ಶೇ. 1ಕ್ಕೂ ಹೆಚ್ಚು ಇಂಗಾಲ ಇರುತ್ತದೆ. ಆದರೆ ಅಗ್ಗದ ಅರಗಳಲ್ಲಿ ಮೇಲಿನ ಪದರ ಮಾತ್ರ ಗಡಸು, ಒಳಗೆ ಮೆತ್ತನೆ ಕಬ್ಬಿಣ. ಬೇರಿಂಗ್ ರಿಂಗು ಹದಕ್ಕೆ ಬರುವುದು ತಡ, ಅದನ್ನು ಎರಡನೇ ವರ್ಷಕ್ಕೆ ಇಟ್ಟುಕೊಳ್ಳಿ. ಬಂಪರ್, ಶಾಕ್ ಅಬ್ಸಾರ್ಬರ್ ರಾಡು, ಜಿಐ ಪೈಪು ಇಂಥ ಲೇಪನವಿರುವ ಯಾವುದನ್ನೂ ಬೆಂಕಿಗೆ ಇಡಬೇಡಿ. ಕ್ರೋಮಿಯಂ, ಸತುವಿನ ಹೊಗೆ ವಿಷ. ರೈಲು ಹಳಿಯ ತುಂಡು, ಹಳಿ ಹಿಡಿಯುವ ಕ್ಲಿಪ್ಪು ಯಾರಾದರೂ ಅಗ್ಗಕ್ಕೆ ಕೊಡುತ್ತೇನೆಂದರೆ ಬೇಡ ಅನ್ನಿ. ಉಕ್ಕು ಚೆನ್ನಾಗಿಯೇ ಇರುತ್ತದೆ, ಆದರೆ ಕದ್ದ ರೈಲ್ವೆ ಸ್ವತ್ತು ಕೈಯಲ್ಲಿ ಸಿಕ್ಕರೆ 1966ರ ಕಾಯ್ದೆಯಡಿ ಕೇಸು ಬೀಳುತ್ತದೆ.

ಪಾಟಾದಲ್ಲೂ ಆಯ್ಕೆ ಇದೆ. ದೊಡ್ಡ ಲಾರಿಯ ಪಟ್ಟಿ 10 ಮಿ.ಮೀ.ಗಿಂತ ದಪ್ಪ, ಬಡಿದು ತೆಳ್ಳಗೆ ಮಾಡುವಷ್ಟರಲ್ಲಿ ತೋಳು ಸೋಲುತ್ತದೆ. ಪಿಕಪ್ ಅಥವಾ ಸಣ್ಣ ಗೂಡ್ಸ್ ಗಾಡಿಯ 6–8 ಮಿ.ಮೀ. ಪಟ್ಟಿ ಕೇಳಿ. ಮುರಿದ ಜಾಗದಿಂದ ಮತ್ತು ನಡುವಿನ ಬೋಲ್ಟಿನ ತೂತಿನಿಂದ ಎರಡೆರಡು ಇಂಚು ಕತ್ತರಿಸಿ ಎಸೆಯಿರಿ. ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕು ಅಲ್ಲೇ ಇರುತ್ತದೆ, ಅದು ಎಣ್ಣೆಗೆ ಬಿದ್ದಾಗ ಬಾಯಿ ಬಿಡುತ್ತದೆ.

ಮೊದಲು ಚೂರಿನ ಪರೀಕ್ಷೆ

ಗುಜರಿ ಉಕ್ಕಿಗೆ ಜಾತಕವಿಲ್ಲ. ಅದಕ್ಕೇ ಚಾಕು ಮಾಡುವ ಮೊದಲು ಅದೇ ಪಟ್ಟಿಯಿಂದ ಎರಡು ಇಂಚು ಉದ್ದ, ಅರ್ಧ ಇಂಚು ಅಗಲದ ಐದಾರು ಚೂರು ಕತ್ತರಿಸಿ, 3 ಮಿ.ಮೀ. ದಪ್ಪಕ್ಕೆ ಉಜ್ಜಿ ಇಟ್ಟುಕೊಳ್ಳಿ. ಒಂದೊಂದನ್ನೂ ಬೇರೆ ಬೇರೆ ಕಾವಿನಲ್ಲಿ ಎಣ್ಣೆಗೆ ಅದ್ದಿ, ತಣಿದ ಮೇಲೆ ಅರ ಹಾಕಿ ನೋಡಿ. ಅರ ಕಚ್ಚದೆ ಗಾಜಿನ ಮೇಲೆ ಹೋದಂತೆ ಜಾರಿದರೆ ಗಡಸಾಗಿದೆ. ಆಮೇಲೆ ವೈಸಿನಲ್ಲಿ ಹಿಡಿದು, ಬಟ್ಟೆ ಮುಚ್ಚಿ, ಕನ್ನಡಕ ಹಾಕಿ ಮುರಿಯಿರಿ. ಮುರಿದ ಜಾಗ ಬೂದು ಬಣ್ಣದಲ್ಲಿ ನುಣುಪಾಗಿದ್ದರೆ ಆ ಕಾವು ಸರಿ. ಕಾಳುಕಾಳಾಗಿ ಮಿನುಗಿದರೆ ಕಾವು ಹೆಚ್ಚಾಗಿದೆ. ಮುರಿಯದೆ ಬಾಗಿದರೆ ಕಾವು ಸಾಲಲಿಲ್ಲ, ಇಲ್ಲವೇ ಅದು ಚಾಕುವಿನ ಉಕ್ಕೇ ಅಲ್ಲ. ಈ ಅರ್ಧ ದಿನದ ಕೆಲಸ ಬಿಟ್ಟವರು ಮುಂದೆ ವಾರದ ಕೆಲಸವನ್ನು ಗುಜರಿಗೇ ವಾಪಸ್ ಹಾಕುತ್ತಾರೆ.

ಕಾವು ಅಳೆಯಲು ದುಬಾರಿ ಮೀಟರು ಬೇಡ. ಹಳೇ ಸ್ಪೀಕರಿನ ಮ್ಯಾಗ್ನೆಟ್ ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉಕ್ಕಿಗೆ ಅಂಟುವುದನ್ನು ಬಿಡುತ್ತದೆ. ಅಡುಗೆ ಉಪ್ಪು 801ಕ್ಕೆ ಕರಗುತ್ತದೆ. ಪಾಟಾಕ್ಕೆ ಬೇಕಾದದ್ದು 840ರ ಆಸುಪಾಸು. ಅಂದರೆ ಚೂರಿನ ಮೇಲೆ ಹಾಕಿದ ಉಪ್ಪು ಕರಗಿ ಹರಿದ ಮೇಲೆ ಕೆಂಪು ಇನ್ನೊಂದು ಛಾಯೆ ತಿಳಿಯಾಗಬೇಕು. ಆ ಬಣ್ಣವನ್ನು ಚೂರಿನ ಮೇಲೆ ನೋಡಿ ಕಲಿಯಿರಿ. ಉಪ್ಪು ಉಕ್ಕನ್ನು ತಿನ್ನುತ್ತದೆ, ಚಾಕುವಿನ ಮೇಲೆ ಹಾಕಬೇಡಿ. ನಮ್ಮ ಕಡೆಯ ಬಿಸಿಲಿನಲ್ಲಿ ಕೆಂಪು ಕಾಣುವುದೇ ಇಲ್ಲ. ಕತ್ತಲೆಯ ಮೂಲೆಯಲ್ಲೋ ಸಂಜೆಯೋ ಈ ಕೆಲಸ ಇಟ್ಟುಕೊಳ್ಳಿ.

ಕುಲುಮೆ ಮತ್ತು ಬಡಿತ

ಇಟ್ಟಿಗೆ, ಮಣ್ಣಿನಲ್ಲಿ 20 ಸೆಂ.ಮೀ. ಅಗಲ, 12 ಸೆಂ.ಮೀ. ಆಳದ ಗುಂಡಿ ಸಾಕು. ಪಕ್ಕದಿಂದ ಒಂದು ಇಂಚಿನ ಕರಿ ಎಂಎಸ್ ಪೈಪು, ಅದಕ್ಕೆ ಕೈಯಲ್ಲಿ ತಿರುಗಿಸುವ ಬ್ಲೋವರ್. ಬಳ್ಳಾರಿ ಜಾಲಿಯ ಇದ್ದಿಲು ಇಲ್ಲಿ ಸುಲಭವಾಗಿ ಸಿಗುತ್ತದೆ, ಕಾವೂ ಚೆನ್ನಾಗಿದೆ. ಒಂದು ಇಂಚಿನ ತುಂಡು ಮಾಡಿಕೊಳ್ಳಿ. ಉಕ್ಕನ್ನು ಪೈಪಿನ ಬಾಯಿಗೆ ನೇರವಾಗಿ ಹಿಡಿಯದೆ 5–7 ಸೆಂ.ಮೀ. ಮೇಲೆ, ಇದ್ದಿಲಿನ ನಡುವೆ ಇಡಿ. ಗಾಳಿ ನೇರ ಬಡಿದರೆ ಮೇಲ್ಪದರದ ಇಂಗಾಲ ಸುಟ್ಟುಹೋಗುತ್ತದೆ. ಉಕ್ಕಿನಿಂದಲೇ ನಕ್ಷತ್ರದಂತಹ ಕಿಡಿ ಹಾರಿದರೆ ಆ ಭಾಗ ಸತ್ತಂತೆ, ಕತ್ತರಿಸಿ ತೆಗೆಯಿರಿ. ಅಡಿಗಲ್ಲಿಗೆ 20 ಕೆ.ಜಿ.ಯ ಹಳೇ ಶಾಫ್ಟಿನ ತುಂಡನ್ನು ಮರದ ದಿಮ್ಮಿಯಲ್ಲಿ ನೆಟ್ಟಗೆ ಕೂರಿಸಿ. ಸುತ್ತಿಗೆ ಒಂದು ಕೆ.ಜಿ.ಯದು. ಹತ್ತಿ ಬಟ್ಟೆ, ಚರ್ಮದ ಶೂ, ಕನ್ನಡಕ. ಟೆರಿಕಾಟ್ ಅಂಗಿ ಮೈಗೆ ಅಂಟಿ ಉರಿಯುತ್ತದೆ.

18 ಸೆಂ.ಮೀ. ಅಲಗು, 4 ಸೆಂ.ಮೀ. ಅಗಲ, ಬೆನ್ನು 3 ಮಿ.ಮೀ. ಎಂದು ಲೆಕ್ಕ ಹಾಕಿ. ಹಿಡಿಯ ಭಾಗವೂ ಸೇರಿ 7 ಮಿ.ಮೀ. ದಪ್ಪ, 3 ಸೆಂ.ಮೀ. ಅಗಲ, 15 ಸೆಂ.ಮೀ. ಉದ್ದದ, ಅಂದರೆ ಸುಮಾರು 250 ಗ್ರಾಂ ತುಂಡು ಬೇಕು. ಅಳತೆ ಇಲ್ಲಿಗೇ ನಿಲ್ಲಿಸಲು ಕಾನೂನಿನ ಕಾರಣವೂ ಇದೆ: 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು ಶಸ್ತ್ರಾಸ್ತ್ರ ನಿಯಮದ ಪಟ್ಟಿಗೆ ಬರುತ್ತದೆ. ಮನೆಬಳಕೆ, ಬೇಸಾಯದ ಉಪಕರಣಕ್ಕೆ ವಿನಾಯಿತಿ ಇದ್ದರೂ ಪೊಲೀಸರಿಗೆ ಅದನ್ನು ವಿವರಿಸುವ ಪರಿಸ್ಥಿತಿ ಏಕೆ?

ಕಿತ್ತಳೆ ಬಣ್ಣ, ಸುಮಾರು 1000 ಡಿಗ್ರಿಯಲ್ಲಿ ಬಡಿಯಿರಿ. ಮಂಕು ಕೆಂಪಿಗೆ ಇಳಿದೊಡನೆ ಬೆಂಕಿಗೆ ವಾಪಸ್. ತಣ್ಣಗಾದ ಪಾಟಾವನ್ನು ಬಡಿದರೆ ಸೀಳುತ್ತದೆ. ಕ್ರಮ ಹೀಗೆ: ಮೊದಲು ಕಮಾನು ನೇರ ಮಾಡಿ, ಆಮೇಲೆ ತುದಿ ಚೂಪು, ನಂತರ ಬಾಯಿಯ ಕಡೆ ತೆಳುವು. ಬಾಯಿ ತೆಳುವಾದಂತೆ ಅದು ಉದ್ದವಾಗಿ ತುದಿಯನ್ನು ಬೆನ್ನಿನ ಕಡೆ ಎತ್ತುತ್ತದೆ. ಹಾಗಾಗಿ ತೆಳುವು ಮಾಡುವ ಮೊದಲೇ ಅಲಗನ್ನು ಬಾಯಿಯ ಕಡೆಗೆ ಸ್ವಲ್ಪ ಬಗ್ಗಿಸಿಡಿ, ಬಡಿಯುತ್ತ ತಾನೇ ನೇರವಾಗುತ್ತದೆ. ಎರಡೂ ಮಗ್ಗುಲಿಗೆ ಸಮ ಏಟು ಬೀಳಲಿ.

ಬಡಿತ ಮುಗಿದ ಮೇಲೆ 870, 840, 800, ಹೀಗೆ ಇಳಿಸುತ್ತ ಮೂರು ಸಲ ಕಾಯಿಸಿ, ಪ್ರತಿಸಲ ಗಾಳಿ ಬೀಸದ ಜಾಗದಲ್ಲಿ ಕಪ್ಪಾಗುವವರೆಗೆ ತೂಗಿಹಾಕಿ. ಬಡಿತದಲ್ಲಿ ದೊಡ್ಡದಾದ ಉಕ್ಕಿನ ಕಣ ಇದರಿಂದ ಸಣ್ಣದಾಗುತ್ತದೆ. ಕೊನೆಗೆ ಇನ್ನೊಮ್ಮೆ ಕೆಂಪಗೆ ಕಾಯಿಸಿ ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಿ. ದಾವಣಗೆರೆಯವರಿಗೆ ಇಲ್ಲೊಂದು ಅನುಕೂಲ: ರೈಸ್ ಮಿಲ್, ಮಂಡಕ್ಕಿ ಭಟ್ಟಿಗಳ ಭತ್ತದ ಹೊಟ್ಟಿನ ಬೂದಿಯಷ್ಟು ಕಾವು ಹಿಡಿದಿಡುವ ವಸ್ತು ದುಡ್ಡು ಕೊಟ್ಟರೂ ಸಿಗುವುದು ಕಷ್ಟ. ಬೆಳಿಗ್ಗೆ ಅಲಗು ಅರಕ್ಕೆ, ಡ್ರಿಲ್ಲಿಗೆ ಬಗ್ಗುವಷ್ಟು ಮೆತ್ತಗಾಗಿರುತ್ತದೆ. ಹಿಡಿಯ ಪಿನ್ನಿಗೆ 6 ಮಿ.ಮೀ. ತೂತು ಈಗಲೇ ಕೊರೆಯಿರಿ. ಬಾಯಿಯನ್ನು ಮಾತ್ರ 1.5 ಮಿ.ಮೀ. ದಪ್ಪ ಉಳಿಸಿ, ಅದಕ್ಕಿಂತ ತೆಳುವಾದರೆ ಎಣ್ಣೆಯಲ್ಲಿ ಅಲೆಅಲೆಯಾಗುತ್ತದೆ.

ಎಣ್ಣೆ, ಹದ

ಉದ್ದನೆಯ ಕಬ್ಬಿಣದ ಪಾತ್ರೆಯಲ್ಲಿ 4 ಲೀಟರ್ ಶೇಂಗಾ ಎಣ್ಣೆ, ಅದಕ್ಕೊಂದು ಮುಚ್ಚಳ. ಚಳ್ಳಕೆರೆ ಪಕ್ಕದಲ್ಲೇ ಇರುವಾಗ ಬೇರೆ ಎಣ್ಣೆ ಹುಡುಕಬೇಕಿಲ್ಲ. ಎಂಜಿನ್ನಿನ ಸುಟ್ಟೆಣ್ಣೆ ಬಿಟ್ಟಿ ಸಿಗುತ್ತದೆ, ಆದರೆ ಅದರ ಹೊಗೆ ಕುಡಿಯುವಂಥದ್ದಲ್ಲ. ಎಣ್ಣೆಯನ್ನು 50–60 ಡಿಗ್ರಿಗೆ ಬಿಸಿ ಮಾಡಿ. ತಣ್ಣನೆ ಎಣ್ಣೆ ಗಟ್ಟಿ, ಕಾವನ್ನು ನಿಧಾನ ಎಳೆಯುತ್ತದೆ. ನೀರಿನ ಮಾತೇ ಬೇಡ. ಊರ ಕಮ್ಮಾರರು ಕುಡುಗೋಲನ್ನು ನೀರಿಗೆ ಅದ್ದುವುದು ನಿಜ, ಅವರು ಬಾಯಿಯನ್ನಷ್ಟೇ ಅದ್ದಿ ಬೆನ್ನಿನ ಕಾವಿನಿಂದ ಹದ ಇಳಿಸುತ್ತಾರೆ, ಅಂದರೆ ಅತಿ ಗಡಸನ್ನು ಸ್ವಲ್ಪ ತಗ್ಗಿಸುತ್ತಾರೆ. ಇಡೀ ಪಾಟಾವನ್ನು ನೀರಿನಲ್ಲಿ ಮುಳುಗಿಸಿದರೆ ಬಿರುಕು ಬಿಟ್ಟ 'ಟಿಣ್' ಎಂಬ ಸದ್ದು ಕೇಳುತ್ತದೆ, ಅಷ್ಟೇ.

ಅಲಗು ಉದ್ದಕ್ಕೂ ಒಂದೇ ಬಣ್ಣಕ್ಕೆ ಬಂದಾಗ ತುದಿ ಮೊದಲಾಗಿ ನೇರ ಇಳಿಸಿ. ಕುಯ್ಯುವ ದಿಕ್ಕಿನಲ್ಲಿ ಹಿಂದೆ ಮುಂದೆ ಆಡಿಸಿ. ಪಕ್ಕಕ್ಕೆ ಆಡಿಸಿದರೆ ಬಾಗುತ್ತದೆ. ಹತ್ತು ಹನ್ನೆರಡು ಸೆಕೆಂಡಿಗೆ ಹೊರತೆಗೆದು ಬೆನ್ನು ನೋಡಿ. ಬಾಗಿದ್ದರೆ ಇನ್ನೂ ಸುಡುತ್ತಿರುವಾಗಲೇ ಕೈಗವಸು ಹಾಕಿ ಎರಡು ಹಲಗೆಗಳ ನಡುವೆ ಒತ್ತಿ. ತಣಿದ ಮೇಲೆ ಒತ್ತಿದರೆ ಮುರಿಯುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಮುಚ್ಚಿ, ನೀರು ಹಾಕಬೇಡಿ.

ಈಗ ಅರ ಜಾರಬೇಕು. ಜಾರದೆ ಕಚ್ಚಿದರೆ ಗಾಬರಿ ಬೇಡ, ಕಾಲು ಮಿ.ಮೀ. ಉಜ್ಜಿ ಮತ್ತೆ ನೋಡಿ; ಇಂಗಾಲ ಕಳೆದುಕೊಂಡ ಮೇಲ್ಪದರ ಮಾತ್ರ ಮೆತ್ತಗಿರಬಹುದು. ಜಾರಿತೆಂದರೆ ಅದೇ ದಿನ ಹದ ಇಳಿಸಿ. ಹಾಗೇ ಬಿಟ್ಟ ಅಲಗು ರಾತ್ರಿ ತಾನಾಗಿ ಸೀಳಬಹುದು, ಕೈಜಾರಿ ಬಿದ್ದರಂತೂ ಗಾಜೇ. ಓಟಿಜಿ ಓವನ್ನಿನಲ್ಲಿ ಮರಳಿನ ತಟ್ಟೆಯೊಳಗೆ ಹೂತು 200 ಡಿಗ್ರಿಯಲ್ಲಿ ಎರಡು ಗಂಟೆ, ತಣಿಸಿ ಮತ್ತೆ ಎರಡು ಗಂಟೆ. ಓವನ್ನಿನ ಗುಂಡಿ ಹೇಳುವ ಡಿಗ್ರಿ ನಂಬಬೇಡಿ, ಒಳಗೊಂದು ಥರ್ಮಾಮೀಟರ್ ಇಡಿ. ಉಜ್ಜಿ ಹೊಳಪು ಮಾಡಿದ ಜಾಗದಲ್ಲಿ ತಿಳಿ ಹುಲ್ಲಿನ ಬಣ್ಣ ಬರಬೇಕು. ನೇರಳೆ, ನೀಲಿ ಬಂದರೆ ಅದು ಮತ್ತೆ ಸ್ಪ್ರಿಂಗೇ.

ಸಾಣೆ, ಹಿಡಿ

ಇಲ್ಲಿಂದ ಮುಂದೆ ಗ್ರೈಂಡರಿನಲ್ಲಿ ಬರಿಗೈಯಿಂದಲೇ ಹಿಡಿಯಿರಿ, ಪ್ರತಿ ಎಳೆತಕ್ಕೂ ನೀರಿಗೆ ಅದ್ದಿ. ಬೆರಳಿಗೆ ಸುಟ್ಟರೆ ಅಲಗಿನ ಹದ ಕೆಡುವುದೂ ಹತ್ತಿರ ಬಂತು ಎಂದರ್ಥ. ಧೂಳಿಗೆ ಎನ್‌95 ಮಾಸ್ಕ್. ಬಾಯಿ 0.4 ಮಿ.ಮೀ.ಗೆ ಬಂದಾಗ ನಿಲ್ಲಿಸಿ, 400 ಮತ್ತು 1000 ಗ್ರಿಟ್ಟಿನ ಸಾಣೆಕಲ್ಲಿನಲ್ಲಿ ಮಗ್ಗುಲಿಗೆ 15–18 ಡಿಗ್ರಿಯಂತೆ ಮಸೆಯಿರಿ.

ಹಿಡಿಗೆ ಒಣಗಿದ ಕರಿಜಾಲಿ ಚೆನ್ನ. ಹಸಿ ಮರ ಹಾಕಿದರೆ ಏಪ್ರಿಲ್ ಬಿಸಿಲಿಗೆ ಸಣ್ಣಗಾಗಿ ಉಕ್ಕಿನ ಅಂಚು ಅಂಗೈಗೆ ಚುಚ್ಚುತ್ತದೆ. ನಿಧಾನ ಒಣಗುವ ಅರಾಲ್ಡೈಟ್, 6 ಮಿ.ಮೀ. ಹಿತ್ತಾಳೆ ಪಿನ್ನು, ಮೇಲೆ ಅಗಸೆ ಎಣ್ಣೆ. ಇದು ಸ್ಟೀಲ್ ಚಾಕುವಲ್ಲ. ಹುಣಸೆ, ನಿಂಬೆ ತಾಗಿದರೆ ಕಪ್ಪಾಗುತ್ತದೆ, ತೊಳೆದು ಒರೆಸದಿದ್ದರೆ ತುಕ್ಕು.

ಒಂದು ವಾರ ಈರುಳ್ಳಿ, ಕುಂಬಳಕಾಯಿ ಹೆಚ್ಚಿ ಬಾಯಿ ಪರೀಕ್ಷಿಸಿ. ಸಣ್ಣ ಸಣ್ಣ ಚಕ್ಕೆ ಎದ್ದಿದ್ದರೆ ಹದ ಇಳಿಸಿದ್ದು ಸಾಲಲಿಲ್ಲ: ಹಿಡಿ ಬಿಚ್ಚಿ ಓವನ್ನಿನಲ್ಲಿ 220 ಡಿಗ್ರಿಗೆ ಇನ್ನೊಮ್ಮೆ ಇಟ್ಟು ಮಸೆಯಿರಿ. ಬಾಯಿ ಮಡಚಿಕೊಂಡಿದ್ದರೆ ಮೊದಲು ಕೋನವನ್ನು 20 ಡಿಗ್ರಿಗೆ ಏರಿಸಿ ನೋಡಿ. ಆಗಲೂ ಮಡಚಿದರೆ ಅಲಗು ಮೆತ್ತಗಿದೆ, ಕಾಯಿಸಿ ಎಣ್ಣೆಗೆ ಅದ್ದುವುದರಿಂದ ಮತ್ತೆ ಶುರು.