ವೆರ್ಡಿಯನ್ನು ಹರಿಕಥೆಗೆ ತಂದ ನನ್ನ ಅನುಭವ

ವೆರ್ಡಿ ಇಟಲಿಯ ಸಂಗೀತಗಾರ, ಒಪೆರಾ ಅಂದರೆ ಹಾಡಿನಲ್ಲೇ ನಡೆಯುವ ನಾಟಕಗಳಿಗೆ ಸಂಗೀತ ಕಟ್ಟಿದವನು. ಈ ಸಲದ ರಾಮೋತ್ಸವದಲ್ಲಿ ಅವನ ಕಥೆ ಮಾಡಿದ್ದು ಹನ್ನೊಂದನೇ ಸಲ. ಪೆಂಡಾಲಿನಲ್ಲಿ ಮುನ್ನೂರರ ಮೇಲೆ ಜನ ಇದ್ದರು. ಎರಡೂಕಾಲು ಗಂಟೆ ನಡೆಯಿತು, ಕೊನೆ ಬಸ್ಸಿಗೆ ಹೊರಟವರು ಬಿಟ್ಟರೆ ಯಾರೂ ಏಳಲಿಲ್ಲ. "ಇಟಲಿಯವನ ಕಥೆಯಂತೆ, ದೇವರೂ ಇಲ್ಲ, ರಾಗವೂ ಇಲ್ಲ, ಅದೆಂಥ ಹರಿಕಥೆ?" ಎಂದು ಆರು ವರ್ಷದ ಹಿಂದೆ ಕೇಳಿದ್ದ ಹಿರಿಯ ದಾಸರೊಬ್ಬರು ಮುಂದಿನ ಸಾಲಿನಲ್ಲೇ ಕೂತಿದ್ದರು. ಆರತಿ ತಟ್ಟೆಗೆ ನೂರು ರೂಪಾಯಿ ಹಾಕಿ, "ಇನ್ನೊಂದು ಸಲ ಕೇಳಬೇಕು ಕಣಪ್ಪಾ" ಎಂದರು. ಅದಕ್ಕೇ ಬರೆಯಲು ಕೂತೆ. ಚಿಟಿಕೆ ಹಿಡಿದು ಹರಿಕಥೆ ಮಾಡುವವರಿಗೆ ಪೀಠಿಕೆ, ಉಪಕಥೆಗಳ ಪಾಠ ಬೇಡ. ನಾನು ಎಲ್ಲೆಲ್ಲಿ ಎಡವಿದೆ, ಎಷ್ಟು ದುಡ್ಡು ಕಳೆದೆ ಅನ್ನುವುದನ್ನು ಹೇಳುತ್ತೇನೆ.

ಮೊದಲ ಸಲ ಪ್ರೊಜೆಕ್ಟರ್ ಇಟ್ಟೆ. ಪರದೆ, ಎರಡು ಸ್ಪೀಕರ್, ಪಕ್ಕವಾದ್ಯ, ಓಡಾಟ ಎಲ್ಲ ಸೇರಿ ಸುಮಾರು 14,000 ಖರ್ಚು. ಬಂದ ಸಂಭಾವನೆ 3,000. 1813ರಲ್ಲಿ ಲೆ ರೊಂಕೊಲೆ ಎಂಬ ಹಳ್ಳಿಯಲ್ಲಿ ಹುಟ್ಟಿದ, ತಂದೆ ಹೆಂಡದಂಗಡಿ ನಡೆಸುತ್ತಿದ್ದ ಎಂದು ಶುರು ಮಾಡಿ ಒಂದೊಂದೇ ಒಪೆರಾ ಹೇಳುತ್ತಾ ಹೋದೆ. ಅವನು ಬರೆದದ್ದು ಇಪ್ಪತ್ತೈದಕ್ಕೂ ಜಾಸ್ತಿ. 1847ರ ಮ್ಯಾಕ್‌ಬೆತ್‌ಗೆ ಬರುವ ಹೊತ್ತಿಗೆ ಅರ್ಧ ಕುರ್ಚಿ ಖಾಲಿ. ನಡುನಡುವೆ ರೆಕಾರ್ಡಿಂಗ್ ಹಾಕಿದೆನಲ್ಲ, ಅದರ ಶ್ರುತಿಯೇ ಬೇರೆ, ನಮ್ಮ ಮೃದಂಗದ ಶ್ರುತಿಯೇ ಬೇರೆ. ರೆಕಾರ್ಡಿಂಗ್ ನಿಂತ ಮೇಲೆ ನಾನು ಬಾಯಿ ತೆರೆದರೆ ಅಪಸ್ವರದ ಹಾಗೆ ಕೇಳುತ್ತಿತ್ತು.

ಎರಡನೇ ಸಲ ರೆಕಾರ್ಡಿಂಗ್ ಬಿಟ್ಟೆ. ಅವನ ಧಾಟಿಗಳನ್ನು ನಾನೇ ಹಾಡುವುದು ಅಂತ ತೀರ್ಮಾನ. ನಬುಕ್ಕೊ ಒಪೆರಾದ "ವಾ ಪೆನ್ಸಿಯೆರೊ" ಕೋರಸ್ಸಿಗೆ ಕನ್ನಡ ಸಾಹಿತ್ಯ ಕಟ್ಟಿ ಶಂಕರಾಭರಣ ರಾಗದಲ್ಲಿ ಹಾಡಿದೆ. ಗಾಂಧಾರ, ನಿಷಾದ ಸ್ವರಗಳಿಗೆ ಗಮಕ ಕೊಟ್ಟೆ, ಅಂದರೆ ಸ್ವರವನ್ನು ಅಲುಗಿಸಿ ಹಾಡಿದೆ. ಹಾಡು ಸತ್ತೇ ಹೋಯಿತು. ಮಾರನೇ ದಿನ ತಲೆಗೆ ಹೊಳೆದದ್ದು ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರ. ಬ್ಯಾಂಡಿನ ಧಾಟಿಯನ್ನು ಇನ್ನೂರು ವರ್ಷದ ಹಿಂದೆಯೇ ಅವರು ಗಮಕವಿಲ್ಲದೆ ನೇರ ಸ್ವರದಲ್ಲಿ ಕೂರಿಸಿದ್ದಾರೆ. ಚಿಕ್ಕಂದಿನಲ್ಲಿ ನಾವೆಲ್ಲ ಹಾಡಿದ್ದೇವೆ, ಅಲ್ವಾ? ಒಂದು ತಿಂಗಳು ಬೆಳಗ್ಗೆ ಎದ್ದು ಅಲುಗಾಡದ ಸ್ವರ ಸಾಧನೆ ಮಾಡಿದೆ. ನಮ್ಮ ಗಂಟಲಿಗೆ ಅದು ಸುಲಭದ ಕೆಲಸ ಅಲ್ಲ.

ಇನ್ನೊಂದು ವಿಷಯ. ಒಪೆರಾದ ಹಾಡುಗಳೆಲ್ಲ ನಮಗೆ ಒಗ್ಗುವುದಿಲ್ಲ, ಹಾರ್ಮನಿ, ಅಂದರೆ ಜೊತೆಜೊತೆಗೆ ಕೇಳುವ ಬೇರೆ ಬೇರೆ ಸ್ವರ, ತೆಗೆದರೆ ಬಿದ್ದುಹೋಗುತ್ತವೆ. ವಾ ಪೆನ್ಸಿಯೆರೊ ಹಾಗಲ್ಲ. ಕೋರಸ್ಸಿನವರೆಲ್ಲ ಒಂದೇ ಧಾಟಿ ಹಿಡಿದು ಹಾಡುತ್ತಾರೆ. ನಡುವೆ "ಆರ್ಪಾ ದೋರ್" ಎಂಬಲ್ಲಿ ಸ್ವರಗಳು ಒಡೆದು ಬೇರೆಯಾಗುತ್ತವೆ. ಆ ಜಾಗವನ್ನು ಹಾರ್ಮೋನಿಯಂನವರಿಗೆ ಬಿಟ್ಟಿದ್ದೇನೆ. ಅವರು ಅಲ್ಲಿ ಏನು ನುಡಿಸುತ್ತಾರೆ ಅನ್ನುವುದು ನಮ್ಮಿಬ್ಬರ ಗುಟ್ಟು. ರಿಗೊಲೆಟ್ಟೊದ "ಲಾ ದೊನ್ನಾ ಎ ಮೊಬಿಲೆ" ಕೂಡ ನಿಲ್ಲುತ್ತದೆ. ಮೂರರ ಲೆಕ್ಕ, ತಿಶ್ರಕ್ಕೆ ತಾನಾಗಿ ಬಂದು ಕೂರುತ್ತದೆ. ಮೃದಂಗದವರಿಗೆ ಒಂದೇ ಸಲ ಹೇಳಿಕೊಟ್ಟದ್ದು.

ಆದರೂ ಕಥೆ ಕೂಡಿರಲಿಲ್ಲ. ಕೊನೆಗೆ ಕೂಡಿಸಿದ್ದು ಕಾಗದಗಳು. ಒಪೆರಾಗಳ ಪಟ್ಟಿ ಹರಿದು ಹಾಕಿದೆ. ಅವನ ಬಾಳಿನಲ್ಲಿ ಬಂದ ಐದು ಕಾಗದಗಳನ್ನು ಒಂದು ಬಟ್ಟೆ ಚೀಲದಲ್ಲಿಟ್ಟು, ಒಂದೊಂದೇ ತೆಗೆದು ಓದುತ್ತಾ ಕಥೆ ನಡೆಸಿದೆ.

ಮೊದಲನೆಯದು ಚೀಟಿ. ಹುಡುಗನಿಗೆ ಅಪ್ಪ ಒಂದು ಹಳೇ ಸ್ಪಿನೆಟ್ ತಂದುಕೊಟ್ಟಿದ್ದ. ನಮ್ಮ ಹಾರ್ಮೋನಿಯಂ ಹಾಗೆ ಬೆರಳಲ್ಲಿ ಒತ್ತುವ ಮನೆಗಳ ಮಣೆ ಇರುವ ವಾದ್ಯ, ಒಳಗೆ ತಂತಿ. 1821ರಲ್ಲಿ ಕವಲೆತ್ತಿ ಎಂಬ ರಿಪೇರಿಯವನು ಅದನ್ನು ಸರಿಮಾಡಿ ದುಡ್ಡು ತೆಗೆದುಕೊಳ್ಳಲಿಲ್ಲ. ಈ ಹುಡುಗನಿಗೆ ಕಲಿಯುವ ಮನಸ್ಸಿದೆ, ನನಗೆ ಅದೇ ಕೂಲಿ ಎಂದು ಬರೆದು ಒಳಗಿಟ್ಟು ಹೋದ. ಇದನ್ನು ಓದುವಾಗ ಹಾರ್ಮೋನಿಯಂನವರು ಒಂದೇ ಮನೆ ಒತ್ತಿ ಹಿಡಿದಿರುತ್ತಾರೆ. ಪೆಂಡಾಲು ಅಲ್ಲಿಗೇ ಕೈಗೆ ಸಿಗುತ್ತದೆ.

ಎರಡನೆಯದು 1832ರದು. ಮಿಲಾನಿನ ಸಂಗೀತ ಶಾಲೆ ಅವನನ್ನು ಸೇರಿಸಿಕೊಳ್ಳಲಿಲ್ಲ. ವಯಸ್ಸು 18, ಮಿತಿ ಮೀರಿದೆ. ಪಿಯಾನೋ ಮೇಲೆ ಕೈಯಿಡುವ ರೀತಿಯೂ ಸರಿಯಿಲ್ಲ. ಇವತ್ತು ಆ ಶಾಲೆಗೆ ಅವನದೇ ಹೆಸರು. ಇದನ್ನು ಬೇಗ ದಾಟಿಬಿಡಿ, ಎಲ್ಲರೂ ಮುಂಚೆಯೇ ಊಹಿಸುತ್ತಾರೆ.

ಮೂರನೆಯದು ನಬುಕ್ಕೊದ ಸಾಹಿತ್ಯದ ಹಸ್ತಪ್ರತಿ. ಇಲ್ಲಿ ನಾನೊಂದು ತಪ್ಪು ಮಾಡಿದ್ದೆ. ಹೆಂಡತಿ, ಎರಡು ಮಕ್ಕಳು ಎರಡೇ ತಿಂಗಳಲ್ಲಿ ತೀರಿಕೊಂಡರು ಎಂದು ಹೇಳುತ್ತಿದ್ದೆ. ಮುದುಕನಾದ ಮೇಲೆ ವೆರ್ಡಿಯೇ ಹಾಗೆ ಹೇಳಿದ್ದಾನೆ. ದಾಖಲೆ ಬೇರೆ. ಮಗಳು 1838, ಮಗ 1839, ಹೆಂಡತಿ ಮಾರ್ಗರೀತಾ 1840ರ ಜೂನ್. ನಿಜವನ್ನೇ ಹೇಳಲು ಶುರು ಮಾಡಿದೆ. ವರ್ಷಕ್ಕೊಂದರಂತೆ ಮೂರು ಸಾವು. ಆಮೇಲೆ ಅದೇ ಸೆಪ್ಟೆಂಬರಿನಲ್ಲಿ ಅವನ ನಗೆ ಒಪೆರಾ ಒಂದೇ ಪ್ರದರ್ಶನಕ್ಕೆ ಬಿದ್ದುಹೋಯಿತು. ಎರಡು ತಿಂಗಳ ಕಥೆಗಿಂತ ಇದೇ ಹೆಚ್ಚು ನಾಟಿತು, ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಂಡದ್ದು ನೋಡಿದ್ದೇನೆ. ಇನ್ನು ಬರೆಯುವುದಿಲ್ಲ ಎಂದು ಕೂತಿದ್ದವನ ಕೈಗೆ ಮಿಲಾನಿನ ಲಾ ಸ್ಕಾಲಾ ರಂಗಮಂದಿರ ನಡೆಸುತ್ತಿದ್ದ ಮೆರೆಲ್ಲಿ ಆ ಹಸ್ತಪ್ರತಿ ತುರುಕಿದ. ಮನೆಗೆ ಬಂದು ಮೇಜಿನ ಮೇಲೆ ಎಸೆದಾಗ ತೆರೆದುಕೊಂಡದ್ದು ವಾ ಪೆನ್ಸಿಯೆರೊ ಸಾಲು. ಇದೂ ಅವನೇ ಹೇಳಿದ ಮಾತು, ಹಾಗೆಂದೇ ಹೇಳುತ್ತೇನೆ. 1842ರ ಮಾರ್ಚ್ 9ಕ್ಕೆ ನಬುಕ್ಕೊ ರಂಗಕ್ಕೆ ಬಂತು. ಇಲ್ಲಿ ಹಾಡನ್ನು ಮಾತ್ರ ಹಾಡಬೇಡಿ. ಮೊದಲು ನಾನು ಇಲ್ಲೇ ಹಾಡಿ ಮುಗಿಸುತ್ತಿದ್ದೆ, ಉಳಿದ ಒಂದು ಗಂಟೆ ಕೈ ಖಾಲಿ.

ನಾಲ್ಕನೆಯದು ಬಿಲ್ಲು. 1872ರಲ್ಲಿ ಬರ್ತಾನಿ ಎಂಬವನು ಪಾರ್ಮಾ ಊರಿಗೆ ಎರಡು ಸಲ ಹೋಗಿ ವೆರ್ಡಿಯ ಐಡಾ ಒಪೆರಾ ನೋಡಿದ. ಹಿಡಿಸಲಿಲ್ಲ. ರೈಲು, ಟಿಕೆಟ್ಟು, ಊಟ ಸೇರಿ 31 ಲಿರಾ 80 ವಾಪಸ್ ಕೊಡಿ ಎಂದು ವೆರ್ಡಿಗೇ ಬರೆದ. ವೆರ್ಡಿ 27 ಲಿರಾ 80 ಕೊಡಿಸಿದ. ಊಟ ಅವನು ಮನೆಯಲ್ಲೇ ಮಾಡಬಹುದಿತ್ತು ಎಂದ. ಇನ್ನು ಮುಂದೆ ನನ್ನ ಹೊಸ ಒಪೆರಾಗೆ ಬರುವುದಿಲ್ಲ ಎಂದು ಬರೆಸಿಕೊಂಡ. ಈ ಲೆಕ್ಕವನ್ನು ಶ್ಯಾನುಭೋಗರ ದನಿಯಲ್ಲಿ ಓದಿದರೆ ಚಪ್ಪಾಳೆ ಗ್ಯಾರಂಟಿ.

ಐಡಾ ಅಂದಾಗ ನೆನಪಾಯಿತು. ಅದರ ವಿಜಯದ ಮೆರವಣಿಗೆ ಧಾಟಿಯನ್ನು ನಾಗಸ್ವರದಲ್ಲಿ ನುಡಿಸಿ ನೋಡಿದೆ. ವೆರ್ಡಿ ಅಲ್ಲಿ ಎರಡು ಗುಂಪು ಉದ್ದ ಕಹಳೆ ಇಟ್ಟಿದ್ದಾನೆ. ಎರಡನೇ ಗುಂಪು ಮೂರು ಅರೆಸ್ವರ ಮೇಲಿನಿಂದ ಅದೇ ಧಾಟಿ ಎತ್ತಿಕೊಳ್ಳುತ್ತದೆ. ನಮ್ಮಲ್ಲಿ ಕಥೆಯ ನಡುವೆ ಶ್ರುತಿ ಬದಲಾಯಿಸುವುದುಂಟೇ? ಎರಡು ಜೊತೆ ನಾಗಸ್ವರ, ಎರಡು ಶ್ರುತಿಪೆಟ್ಟಿಗೆ, ಸುಮಾರು 6,000 ಹೋಯಿತು. ಪೆಂಡಾಲಿನೊಳಗೆ ಕಿವಿ ಗಡಚಿಕ್ಕಿತು. ಈಗ ಎರಡು ಹಾರ್ಮೋನಿಯಂನಲ್ಲಿ ಮಾಡುತ್ತೇವೆ, ಅರ್ಧ ಪರಿಣಾಮ ಬರುತ್ತದೆ. ದೇವಸ್ಥಾನದ ಹೊರಗೆ ಬಯಲಿನಲ್ಲಿ ನಾಗಸ್ವರವನ್ನು ಇನ್ನೊಮ್ಮೆ ನೋಡುವ ಆಸೆ ಇದೆ.

ಈಗ ಒಂದು ಕಥೆಗೆ ಪಕ್ಕವಾದ್ಯ ಬಿಟ್ಟರೆ ಖರ್ಚು ನಾನೂರು ಐನೂರು. ಸಂಭಾವನೆ 12,000ದಿಂದ 15,000 ಬರುತ್ತಿದೆ.

ಐದನೆಯದು ಉಯಿಲು. ವಯಸ್ಸಾದ ಸಂಗೀತಗಾರರಿಗೆಂದು ಮಿಲಾನಿನಲ್ಲಿ ಒಂದು ಮನೆ ಕಟ್ಟಿಸಿ, ತನ್ನ ಕೃತಿಗಳ ಆದಾಯವನ್ನು ಅದಕ್ಕೇ ಬರೆದಿಟ್ಟ. ತಾನು ಬದುಕಿರುವಾಗ ಅದನ್ನು ತೆರೆಯಲು ಬಿಡಲಿಲ್ಲ. ತನ್ನ ಶವದ ಮುಂದೆ ಹಾಡು, ವಾದ್ಯ ಬೇಡ ಎಂದೂ ಬರೆದ. 1901ರ ಜನವರಿಯಲ್ಲಿ ಮಿಲಾನಿನ ಹೋಟೆಲಿನಲ್ಲಿ ಅವನು ಮಲಗಿದ್ದಾಗ, ಗಾಡಿಗಳ ಸದ್ದು ಕೇಳದಿರಲಿ ಎಂದು ಊರಿನವರು ಬೀದಿಗೆ ಹುಲ್ಲು ಹಾಸಿದರು. ನಾನೂ ವೇದಿಕೆಗೆ ಹುಲ್ಲು ಹಾಸುತ್ತೇನೆ. ಗೆಜ್ಜೆ ಬಿಚ್ಚಿಡುತ್ತೇನೆ. ಮೃದಂಗದವರು ವಾದ್ಯದ ಮೇಲೆ ಟವೆಲ್ ಹೊದಿಸುತ್ತಾರೆ. ಹುಲ್ಲಿನ ಮೇಲೆ ಸುಮ್ನೆ ನಾಲ್ಕು ಹೆಜ್ಜೆ ಹಾಕುತ್ತೇನೆ. ಅವನು ತೀರಿಕೊಂಡ ಒಂದು ತಿಂಗಳ ಮೇಲೆ ದೇಹವನ್ನು ಆ ಮನೆಗೆ ಸಾಗಿಸುವಾಗ, ವಾದ್ಯಮೇಳ ನಡೆಸುವ ತೊಸ್ಕನೀನಿ ಎಂಟುನೂರಕ್ಕೂ ಹೆಚ್ಚು ಜನರಿಂದ ವಾ ಪೆನ್ಸಿಯೆರೊ ಹಾಡಿಸಿದ. ನಮ್ಮ ಪೆಂಡಾಲಿನಲ್ಲಿ ಹಾಡು ಏಳುವುದು ಆಗ, ಅದೂ ಜನರ ನಡುವಿನಿಂದ. ಅವರಿಗೆ ಅದನ್ನು ಯಾವಾಗ, ಹೇಗೆ ಕಲಿಸಿರುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಬಂದು ನೋಡಿ.

ಭತ್ತದ ಹುಲ್ಲು ಒಂದು ಹೊರೆ ಸಾಕು. ಮಂಗಳಾರತಿಗೆ ಮುಂಚೆ ಪೂರ್ತಿ ಗುಡಿಸಿಬಿಡಿ. ನನ್ನ ಮೂರನೇ ಕಥೆಯಲ್ಲಿ ಕರ್ಪೂರದ ಕಿಡಿ ಬಿದ್ದು ಪಂಚೆಯ ಅಂಚು ಸುಟ್ಟಿತ್ತು.